ಶೇಷಾದ್ರಿಯ ಗ್ರೀಕ್ ವ್ರತ

ನಮ್ಮ ಡೆಟ್ರಾಯಿಟ್ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ಶೇಷಾದ್ರಿ ಮೈಸೂರಿನವರು, ಕಾರಿನ ಕಾರ್ಖಾನೆಯಲ್ಲಿ ಇಂಜಿನಿಯರು. ಎಪ್ಪತ್ತಮೂರರ ಚಳಿಗಾಲದಲ್ಲಿ ಹೊತ್ತು ಹೋಗದೆ ಸಂಜೆ ಕಾಲೇಜಿಗೆ ಸೇರಿ ಗ್ರೀಕರ ತತ್ವಶಾಸ್ತ್ರ ಓದಿದರು. ಇದು ಓದಿ ಬಿಡುವ ವಿದ್ಯೆಯಲ್ಲ, ಬದುಕುವ ವಿದ್ಯೆ ಎಂದು ಅಲ್ಲಿನ ಮೇಷ್ಟರು ಹೇಳಿದರಂತೆ. ಉಳಿದವರೆಲ್ಲ ಅದನ್ನು ಬರೆದುಕೊಂಡು ಮನೆಗೆ ಹೋದರು. ನಮ್ಮ ಶೇಷಾದ್ರಿ ನಂಬಿಬಿಟ್ಟರು.

ಅವರು ಹಿಡಿದ ಗುರು ಪೈಥಾಗರಸ್. ತ್ರಿಕೋನದವನೇ ಎಂದರು ನಮ್ಮ ಮನೆಯವರು. ನಾನು ಶಾಲೆ ಬಿಟ್ಟದ್ದು ನಾಲ್ಕನೆಯ ತರಗತಿಗೆ. ತ್ರಿಕೋನ ಇನ್ನೂ ಬಂದಿರಲಿಲ್ಲ. ಆ ಗುರುವಿನ ಪ್ರಕಾರ ಆತ್ಮ ಶುದ್ಧವಾಗಬೇಕಾದರೆ ಮಾತು ಕಡಿಮೆ ಮಾಡಬೇಕು, ಸುಳ್ಳಾಡಬಾರದು, ಕಾಳು ತಿನ್ನಬಾರದು. ಮಾತು ಬಿಟ್ಟದ್ದಕ್ಕೆ ಆಫೀಸಿನಲ್ಲಿ ತೂಕದ ಮನುಷ್ಯ ಎಂದು ಪ್ರಮೋಶನ್ ಸಿಕ್ಕಿತು. ಕಾಳಿನದೇ ಕಷ್ಟ. ಗುರು ಬೇಡವೆಂದದ್ದು ಯಾವುದೋ ಒಂದು ಕಾಳಂತೆ. ನಮ್ಮ ಶಿಷ್ಯರು ಯಾವುದಕ್ಕೂ ಇರಲಿ ಎಂದು ತೊಗರಿ, ಉದ್ದು, ಕಡಲೆ ಎಲ್ಲ ಬಿಟ್ಟರು. ಇಡ್ಲಿ ಬಿಟ್ಟ ಮೈಸೂರಿನವರನ್ನು ನಾನು ನೋಡಿದ್ದು ಅದೇ ಮೊದಲು.

ಮೇ ತಿಂಗಳಲ್ಲಿ ಶಿಕಾಗೋ ಹತ್ತಿರ ಅವರಿಗೆ ಹೆಣ್ಣು ನೋಡಲು ಹೊರಟೆವು. ಫೋಟೋ ನೋಡಿದಾಗಿನಿಂದ ಶೇಷಾದ್ರಿಗೆ ಆ ಹುಡುಗಿ ಪದ್ಮಳೇ ಬೇಕಿತ್ತು. ಬಡಿಸಿದ್ದನ್ನು ಬಾಯಿ ಮುಚ್ಚಿಕೊಂಡು ತಿನ್ನಿ ಎಂದು ನಮ್ಮ ಮನೆಯವರು ದಾರಿಯುದ್ದಕ್ಕೂ ಹೇಳುತ್ತಲೇ ಡ್ರೈವ್ ಮಾಡಿದರು. ಅಲ್ಲಿ ಪದ್ಮಳ ಅಣ್ಣ ಡಾಕ್ಟರ್ ಜಯಸಿಂಹ, ಊರಿಂದ ಬಂದಿದ್ದ ತಾಯಿ ಅನಸೂಯಮ್ಮ. ತಟ್ಟೆಯ ತುಂಬ ಬೇಳೆಕಾಳೇ. ಕೋಸಂಬರಿ, ಅವರೆಕಾಳಿನ ಬದಲು ಲೈಮಾ ಬೀನ್ಸ್ ಹಾಕಿದ ಹುಳಿ, ಬೇಳೆ ಹೋಳಿಗೆ. ಶೇಷಾದ್ರಿ ಬರೀ ಮೊಸರನ್ನ ಕಲಸಿದರು.

ಅನಸೂಯಮ್ಮನ ಮುಖ ಬಿಗಿಯಿತು. ನಮ್ಮ ಮನೆಯವರು ಹೆದರಿ, ಅವರಿಗೆ ವ್ರತ ಎಂದುಬಿಟ್ಟರು. ಆಕೆಯ ಮುಖ ಅರಳಿತು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ಬೇಳೆಕಾಳು ಬಿಡುವವರನ್ನು ಕಂಡಿದ್ದೇನೆ, ಮೇ ತಿಂಗಳಿಗೇ ಶುರುಮಾಡಿದವರನ್ನು ಕಂಡಿಲ್ಲ, ಅಳಿಯ ಅಂದರೆ ಇಂಥವರು ಎಂದರು. ಶೇಷಾದ್ರಿ ಸುಮ್ಮನಿದ್ದರೆ ಸಾಕಿತ್ತು. ಚಳಿಗಾಲವಿಡೀ ಬಾಯಿ ಬಿಡದವರು ಆಗ ಬಿಟ್ಟರು.

“ವ್ರತ ನಿಜ ಅಮ್ಮಾ. ಹೇಳಿಕೊಟ್ಟ ಗುರುಗಳು ಗ್ರೀಕರು.”

“ಅವರದು ಯಾವ ಮಠ?” ಎಂದರು ಅನಸೂಯಮ್ಮ.

“ಮಠಾನ ಊರಿನವರು ಸುಟ್ಟುಹಾಕಿದ್ರಂತೆ.”

ಜಯಸಿಂಹ ಕೈ ತೊಳೆಯಲು ಎದ್ದರು. “ಅಮ್ಮಾ, ಇದು ಆಗೋ ಮಾತಲ್ಲ.”

ಶೇಷಾದ್ರಿ ಮೊಸರನ್ನವನ್ನೇ ನೋಡುತ್ತ ಕೂತರು. ತುಪ್ಪ ಬಡಿಸಲು ನಿಂತಿದ್ದ ಪದ್ಮ ಮೆಲ್ಲಗೆ ಕೇಳಿದಳು, “ನಾನೂ ಬಿಡಬೇಕಾ?”

“ಬೇಡ. ವ್ರತ ನಂದು.”

“ನಿಮ್ಮ ಪಾಲಿನ ಹೋಳಿಗೆ?”

“ಯಾವತ್ತಿಗೂ ನಿಮಗೇ.”

ಪದ್ಮ ತುಪ್ಪದ ಮಿಳ್ಳೆ ಕೆಳಗಿಟ್ಟು, ಅವರ ತಟ್ಟೆಯಿಂದ ಹೋಳಿಗೆ ಎತ್ತಿಕೊಂಡು ನಿಂತಲ್ಲೇ ಕಚ್ಚಿದಳು.

ಅನಸೂಯಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. “ಗಂಡನ ತಟ್ಟೆಯಿಂದ ಮಾತ್ರ ಹಾಗೆ ತಿನ್ನೋದು. ತಿಂದೂ ಆಯ್ತು. ಇನ್ನೇನು ಆಗೋ ಮಾತು, ಆಗದ ಮಾತು? ಜಯಸಿಂಹ, ಕೈ ತೊಳಕೊಂಡು ಪಂಚಾಂಗ ತಗೊಂಬಾ.”