ನೀಲಗಂಗಮ್ಮನ ಹುಣಸೆಬೀಜದ ಲೆಕ್ಕ

ರಾಮನಾಥಪುರದಾಚೆಯ ಆ ಊರಲ್ಲಿ ಇರುವುದು ನೂರಿಪ್ಪತ್ತು ಮನೆ. ಅಲ್ಲಿನ ನೀಲಗಂಗಮ್ಮ ಹೊಗೆಸೊಪ್ಪು ಕುಯ್ದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಬೆಂಕಿಮನೆಯಲ್ಲಿ ಒಣಗಿಸಿಯೇ ಮೂರು ಮಕ್ಕಳನ್ನು ದಡ ಮುಟ್ಟಿಸಿದವಳು. ಓದಿದ್ದು ನಾಲ್ಕನೇ ಕ್ಲಾಸು, ಬಾಯಿ ಮಾತ್ರ ಇಡೀ ಹೋಬಳಿಗೆ ಸಾಕು.

ಈ ಸಲ ಆಶಾ ಕಾರ್ಯಕರ್ತೆ ಧನುಶ್ರೀ ಮನೆಮನೆ ತಿರುಗಿ ಯಾರಿಗೆ ಏನು ಕಾಯಿಲೆ ಎಂದು ಬರೆದುಕೊಂಡಳು. ಹೆಂಗಸರದೆಲ್ಲ ಒಂದೇ ಉತ್ತರ, "ನಮ್ಗೇನವ್ವ, ಚೆನ್ನಾಗಿದೀವಿ." ಕಾಯಿಲೆಯೇ ಇಲ್ಲದ ಊರಿಗೆ ಡಾಕ್ಟರು ಯಾಕೆ? ಪ್ರತಿ ಗುರುವಾರ ಊರಿಗೆ ಬರುವ ಆಸ್ಪತ್ರೆ ಗಾಡಿಯನ್ನು ಬೇರೆ ಊರಿಗೆ ಕೊಡುವ ಮಾತು ಬಂತು. ಸೋಮವಾರ ಪಂಚಾಯಿತಿಯಲ್ಲಿ ತೀರ್ಮಾನ.

ಸುದ್ದಿ ಕೇಳಿ ನೀಲಗಂಗಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ನೆರೆಮನೆಯ ಅನಂತಮ್ಮನ ಜಗಲಿಗೆ ಹೋದಳು.

"ಮೊನ್ನೆ ಸೊಪ್ಪು ಕುಯ್ದು ಬಂದು ವಾಂತಿ ಮಾಡ್ಕಂಡ್ಯಲ್ಲ, ಅದ್ನ ಯಾಕೆ ಬರೆಸ್ನಿಲ್ಲ?"

"ಅದ್ಯಾವ ಕಾಯ್ಲೆ ಕಣಕ್ಕ? ಸೊಪ್ಪಿನ ಅಮಲು. ಎಲ್ಲಾರ್ಗೂ ಆಯ್ತದೆ."

ಎಲ್ಲರಿಗೂ ಆಗುತ್ತದೆ, ಅದಕ್ಕೇ ಯಾರೂ ಬರೆಸಿಲ್ಲ. ನೋಡಿ, ಎಂಥ ಜನ ಅಂತ.

ಸೋಮವಾರ ಸಭೆಗೆ ಮುಂಚೆಯೇ ಅವಳು ಪಂಚಾಯಿತಿ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಇಡೀ ಊರನ್ನು ಬರೆದಳು. ಬೀದಿ, ಬಾವಿ, ಮನೆಗೊಂದು ಚೌಕ. ಪಕ್ಕದಲ್ಲಿ ಒಂದು ಮೊರದ ತುಂಬ ಹುಣಸೆಬೀಜ.

"ಕಾಯ್ಲೆ ಅನ್ನೋ ಮಾತೇ ಬ್ಯಾಡ. ಸೊಪ್ಪು ಕುಯ್ದ ದಿವ್ಸ ಯಾರಿಗೆ ತಲೆ ಸುತ್ತುತ್ತೋ, ವಾಂತಿ ಆಯ್ತದೋ, ಅವರವರ ಮನೆ ಮ್ಯಾಲೆ ಒಂದೊಂದು ಬೀಜ ಮಡಗಿ," ಎಂದಳು ಸೇರಿದ್ದ ಹೆಂಗಸರಿಗೆ.

ಯಾರೂ ಏಳಲಿಲ್ಲ. ಆಮೇಲೆ ಅನಂತಮ್ಮ ಎದ್ದಳು. ಅವಳ ಹಿಂದೆ ಒಬ್ಬೊಬ್ಬರೇ. ಗಾಡಿಯ ಡಾಕ್ಟರ್ ಅಮರನಾಥ ಸಭೆಗೆ ಬರುವಷ್ಟರಲ್ಲಿ ಬಿದ್ದಿದ್ದು ಎಪ್ಪತ್ತೊಂದು ಬೀಜ, ಅದರಲ್ಲಿ ಅರ್ಧ ಕೆಳಗಿನ ಬೀದಿಯಲ್ಲೇ. ಅವರು ಪ್ಯಾಂಟು ಮೇಲೆತ್ತಿಕೊಂಡು ಕುಕ್ಕರಗಾಲಲ್ಲಿ ಕೂತು ನೋಡಿದರು.

"ಈ ಬೀದಿಯವರು ಎಷ್ಟೊತ್ತಿಗೆ ಕುಯ್ಯೋಕೆ ಹೋಗ್ತೀರಿ?"

"ಇಬ್ಬನಿ ಆರೋಕ್ ಮುಂಚೇನೆ ಸಾ."

ಒದ್ದೆ ಎಲೆಯ ವಿಷ ಬರಿಗೈ ಚರ್ಮದೊಳಗೇ ಇಳಿಯುತ್ತದೆ ಎಂದು ಡಾಕ್ಟರು ವಿವರಿಸಿದರು. ಗಾಡಿ ಇಲ್ಲಿಗೇ ಬರಲಿ ಎಂದು ಎಲ್ಲರೂ ಒಪ್ಪಿದರು. ಕುಯ್ಯುವವರಿಗೆ ಕೈಗವಸು ಕೊಡಿಸುವುದು, ಇಬ್ಬನಿ ಆರಿದ ಮೇಲೆ ಕುಯ್ಲು ಎಂಬುದನ್ನು ಹೆಂಗಸರೇ ಸಭೆಯ ತೀರ್ಮಾನದಲ್ಲಿ ಬರೆಸಿದರು. ಧನುಶ್ರೀ ಹಳೆಯ ಪಟ್ಟಿಯನ್ನು ಹೊಡೆದುಹಾಕಿ ಹೊಸದು ಬರೆಯುತ್ತ ಕೂತಳು.

ಆಗ ನೀಲಗಂಗಮ್ಮನ ಸೊಸೆ ತೇಜಶ್ರೀ ನಕ್ಷೆಯತ್ತ ಬೆರಳು ಮಾಡಿದಳು. "ಅತ್ತೆ, ನಮ್ಮನೆ ಮ್ಯಾಲೆ ಒಂದೂ ಬೀಜ ಇಲ್ವಲ್ಲ."

"ನಂಗೇನೇ ಆಗ್ಯದೆ? ಗುಂಡುಕಲ್ ಇದ್ದಂಗೆ ಇವ್ನಿ."

"ನೆನ್ನೆ ಬ್ಯಾರನ್ ಹಿಂದ್ಗಡೆ ಗೋಡೆ ಹಿಡ್ಕಂಡು ಕೂತಿದ್ದೋರು ಯಾರು ಮತ್ತೆ?"

ಊರಿಗೆಲ್ಲ ಬುದ್ಧಿ ಹೇಳಿದವಳು ತನ್ನನ್ನೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಚಿಕೆಯಾಯಿತು. ಆದರೂ ಅಷ್ಟು ಜನರ ಎದುರಿಗೇ ಬಗ್ಗಿ ಒಂದು ಬೀಜ ಇಟ್ಟಳಲ್ಲ, ಆ ಹೆಂಗಸಿಗೆ ನಿಜವಾಗಿಯೂ ಕೈ ಮುಗಿಯಬೇಕು.

ಗುರುವಾರ ಗಾಡಿ ಬಂತು. ಸಾಲಿನಲ್ಲಿ ಮೊದಲು ನಿಂತವಳು ಅವಳೇ. ಎಷ್ಟು ದಿನದಿಂದ ತೊಂದರೆ ಎಂದು ಚೀಟಿ ಬರೆಯುವವರು ಕೇಳಿದರು.

"ಮದ್ವೆ ಆಗಿ ಈ ಊರಿಗೆ ಬಂದಾಗಿಂದ ಸಾ," ಅಂದಳು.