ಟೀವಿಯೊಳಗೆ ಅತ್ತೆ, ಮಾಳಿಗೆಯ ಮೇಲೆ ಮಾಮ

ಮಂಗಗಳಿಗೆ ನಮ್ಮ ಅತ್ತೆಯ ಮೇಲೆ ಯಾವ ವೈಯಕ್ತಿಕ ದ್ವೇಷವೂ ಇರಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೇಸಿಗೆಗೆ ನೀರು ಹುಡುಕುತ್ತ ಊರೊಳಗೆ ಬಂದವು, ಮಾಳಿಗೆಯ ಮೇಲೆ ಪರಾತದಂಥ ಅಗಲ ತಟ್ಟೆಯೊಂದು ಕಂಡಿತು, ಕುಳಿತವು. ಅವು ಎದ್ದು ಹೋದ ಮೇಲೆ ನೋಡಿದರೆ ಡಿಶ್ಶಿನ ಮೂತಿ ಆಕಾಶ ಬಿಟ್ಟು ಪಕ್ಕದ ಮನೆಯ ದನದ ಕೊಟ್ಟಿಗೆಯತ್ತ ತಿರುಗಿತ್ತು. ಅಲ್ಲಿಂದ ಯಾವ ವಾಹಿನಿಯೂ ಪ್ರಸಾರವಾಗುವುದಿಲ್ಲ. ಸೇಡಂನ ರಿಪೇರಿಯವನಿಗೆ ಫೋನ್ ಮಾಡಿದರೆ, "ಲಗ್ನದ ಸೀಜನ್ ಮುಗೀಲಿ ಅಕ್ಕಾರ, ಬರ್ತೀನಿ" ಎಂದ. ಲಗ್ನಕ್ಕೂ ಡಿಶ್ಶಿಗೂ ಏನು ಸಂಬಂಧವೆಂದು ಕೇಳಿದೆ. ಅವನು ಬ್ಯಾಂಡಿನಲ್ಲಿ ತುತ್ತೂರಿ ಊದುತ್ತಾನಂತೆ. ವಾದ ಅಲ್ಲಿಗೆ ಮುಗಿಯಿತು.

ಮರುದಿನ ಸಂಜೆ ಅತ್ತೆ ಟೀವಿಯಲ್ಲಿ ಬರುವವಳಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ. ಸೇಡಂ ತಾಲೂಕಿನ ಆಡಕಿ ಅವಳ ಗಂಡನ ಊರು; ಮನೆಯ ಹಿಂದೆ ಎಮ್ಮೆ, ಊರ ಹೊರಗೆ ತೊಗರಿ ಹೊಲ. ನಾನು ಶಹಾಬಾದದವಳು, ರಜೆಗೆ ಅತ್ತೆಯ ಮನೆಗೆ ಬಂದಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳಿಗ್ಗೆ ಪರವಾಗಿ, ಮಧ್ಯಾಹ್ನ ವಿರೋಧವಾಗಿ ಮಾತಾಡಿ, ಎರಡೂ ಕಡೆ ಚಪ್ಪಾಳೆ ಹೊಡೆಸಿಕೊಂಡು, ಕೊನೆಗೆ ಯಾವುದನ್ನೂ ನಂಬದ ಸ್ಥಿತಿಗೆ ತಲುಪಿದ್ದೆ. ಈ ಸಾಧನೆಗಾಗಿ ಅತ್ತೆಯ ಗಂಡ, ಅಂದರೆ ನನ್ನ ಮಾಮ, ನನಗೆ 'ವಕೀಲವ್ವ' ಎಂದು ಬಿರುದು ಕೊಟ್ಟಿದ್ದರು. ಅದು ಹೊಗಳಿಕೆಯಲ್ಲ.

ವಿಷಯ ಹೀಗಿತ್ತು. ನಮ್ಮ ಕಡೆ ತೊಗರಿ ನಿಂತ ನಿಲುವಿನಲ್ಲೇ ಒಣಗುವ ಒಂದು ರೋಗವಿದೆ. ಹೊಲಕ್ಕೆ ಆ ರೋಗ ಬಿದ್ದಾಗ ಎಲ್ಲರೂ ಒಣಗಿದ ಗಿಡ ನೋಡಿ ಹಣೆ ಬಡಿದುಕೊಂಡರೆ, ಅತ್ತೆ ಅವುಗಳ ನಡುವೆ ಹಸಿರಾಗಿ ನಿಂತ ಗಿಡಗಳನ್ನು ಹುಡುಕಿ ಕೆಂಪು ದಾರ ಕಟ್ಟುತ್ತಿದ್ದಳು. ಬೀಜಕ್ಕೆ ಆ ಗಿಡಗಳ ಕಾಯಿ ಮಾತ್ರ. ವರ್ಷ ವರ್ಷವೂ ಹಾಗೇ ಆರಿಸುತ್ತ, ಬೂದಿ ಬೇವಿನೆಲೆ ಬೆರೆಸಿ ಗಡಿಗೆಯಲ್ಲಿಟ್ಟು ಬಂದಿದ್ದಳು. ಓಣಿಯವರು ಇದನ್ನು ಹೆಣ್ಣುಮಕ್ಕಳ ಹರಕೆ ಎಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾಮನ ಅಣ್ಣ, ಅತ್ತೆಯ ಭಾವ. ಅವರದು ಅಂಗಡಿ ಬೀಜ. ಮುಂದೆ ಎಲ್ಲರ ಹೊಲ ಒಣಗಿ ಅತ್ತೆಯ ಹೊಲ ಮಾತ್ರ ಹಸಿರಾಗಿ ಉಳಿಯಿತು. ಹೋಬಳಿಯ ರೈತರ ಸಭೆಯಲ್ಲಿ ಆ ಬೀಜಕ್ಕೆ ಸನ್ಮಾನವಾಯಿತು. ಶಾಲು ಹೊದಿಸಿದ್ದು ಮಾಮನಿಗೆ. ಮಾಮ ಬೇಡವೆನ್ನಲಿಲ್ಲ. ಭುಜಗಳಿರುವುದು ಯಾತಕ್ಕೆ ಮತ್ತೆ?

ಆಮೇಲೆ ಸರ್ಕಾರಿ ವಾಹಿನಿಯ ಕೃಷಿ ಕಾರ್ಯಕ್ರಮದವರು ಕ್ಯಾಮೆರಾ ಹೊತ್ತು ಬಂದರು. ಮಾಮ ಅದೇ ಶಾಲು ಹೊದ್ದು ಬಾವಿ ಕಟ್ಟೆಯ ಮೇಲೆ ನಿಂತು ಬೀಜ ಸಂರಕ್ಷಣೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಹೋಗುವ ಮುನ್ನ ತಂಡದ ಹುಡುಗಿಯೊಬ್ಬಳು ಅತ್ತೆಯನ್ನೂ ಒಂದಿಷ್ಟು ಮಾತಾಡಿಸಿದಳು. ಅತ್ತೆ ಏನು ಹೇಳಿದಳೆಂದು ಯಾರಿಗೂ ಗೊತ್ತಿಲ್ಲ. ಅದನ್ನು ಉಳಿಸಿದ್ದಾರೋ ಕತ್ತರಿಸಿದ್ದಾರೋ ಎಂಬುದು ಅವಳಿಗೂ ಗೊತ್ತಿಲ್ಲ. ಅವಳಿಗೆ ಬೇಕಾಗಿದ್ದುದು ಒಂದೇ: ಬೀಜ ತನ್ನದು ಎಂಬ ಮಾತು ಓಣಿಯ ಕಿವಿಗೆ ಟೀವಿಯಿಂದ ಬೀಳಬೇಕು.

"ಅದರಾಗೇನದ ಅತ್ತಿ, ಆಮ್ಯಾಲ ಅವರೇ ಫೋನಿನ್ಯಾಗೂ ಹಾಕ್ತಾರ. ಎಲ್ಲಾರಿಗೂ ಕಳಸ್ತೀನಿ," ಎಂದೆ ನಾನು.

"ಫೋನಿನ್ಯಾಗ ಬಂದದ್ದು ಯಾರ್ ನಂಬ್ತಾರಬೇ? ಹೋದ ತಿಂಗಳ ನೀನೇ ಹೇಳ್ದಿ, ಮಂತ್ರಿ ಬಾಯಾಗ ಬ್ಯಾರೆ ಮಾತ್ ತುರುಕಿ ವೀಡಿಯೊ ಮಾಡ್ತಾರಂತ. ನನ್ನ ಬಾಯಾಗೂ ನೀನೇ ತುರುಕೀದಿ ಅಂತಾರ ಮಂದಿ."

ನನ್ನ ಸಂದೇಹವಾದವನ್ನು ನನ್ನ ವಿರುದ್ಧವೇ ಇಷ್ಟು ಅಚ್ಚುಕಟ್ಟಾಗಿ ಬಳಸಿದ ಪ್ರತಿಸ್ಪರ್ಧಿ ಅಂತರ್‌ಕಾಲೇಜು ಮಟ್ಟದಲ್ಲೂ ಸಿಕ್ಕಿರಲಿಲ್ಲ. ಸೋಲೊಪ್ಪದೆ, "ಹಂಗಾರ ನಿಮ್ಮ ಭಾವನ ಮನ್ಯಾಗ ಡಿಶ್ ಛಲೋ ಅದಲ್ಲ?" ಎಂದೆ.

"ಅಲ್ಲಿ ರಿಮೋಟ್ ಅವರ ಕೈಯಾಗ ಇರ್ತದ," ಎಂದಳು ಅತ್ತೆ.

ಇನ್ನು ಉಳಿದದ್ದು ಮಾಮನ ಡಬ್ಬಿ. ತಾಲೂಕಿನ ಮರುಪ್ರಸಾರ ಟವರ್ ಡಿಜಿಟಲ್ ಆಗಿದೆ, ಹಳೆಯ ಆಂಟೆನಾಕ್ಕೆ ಒಂದು ಡಬ್ಬಿ ಜೋಡಿಸಿದರೆ ಚಂದಾ ಇಲ್ಲ, ಕೇಬಲ್ಲಿಲ್ಲ, ಚಿತ್ರ ತಾನೇ ಬರುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಅವರು ಕಲಬುರಗಿಯಿಂದ ಅದನ್ನು ತಂದಿಟ್ಟಿದ್ದರು. "ಗಾಳ್ಯಾಗ ಪುಕ್ಕಟ ಹೊಂಟದ್ದಕ್ಕ ರೊಕ್ಕ ಯಾಕ ಕೊಡಬೇಕ್?" ಎಂಬುದು ಅವರ ಅರ್ಥಶಾಸ್ತ್ರ. ಸರ್ಕಾರ ಗಾಳಿಯಲ್ಲಿ ಪುಕ್ಕಟೆ ಬಿಡುವುದು ಭಾಷಣ ಮಾತ್ರ ಎಂಬುದು ನನ್ನದು. ಡಬ್ಬಿ ಟ್ರಂಕಿನ ಮೇಲೆ ಕುಳಿತು ಸೇಡಂ ಕಾರ್ಖಾನೆಗಳ ಸಿಮೆಂಟ್ ಧೂಳು ತಿನ್ನುತ್ತಿತ್ತು. ಆಂಟೆನಾ ಮಾಳಿಗೆಯ ಮೇಲೇ ಇತ್ತು. ಹಳೆಯ ಪ್ರಸಾರ ನಿಂತ ಮೇಲೆ ಅದರ ಅಲ್ಯುಮಿನಿಯಂ ಪಕ್ಕೆಲುಬುಗಳಿಗೆ ಅತ್ತೆ ಬೆಳ್ಳುಳ್ಳಿ ಗೊಂಚಲು ತೂಗುಹಾಕುತ್ತಿದ್ದಳು. ಮಂಗಗಳು ಡಿಶ್ಶಿನ ಜೊತೆಗೆ ಅದರ ಕಂಬದ ಕೊಂಡಿಯನ್ನೂ ಕಿತ್ತಿದ್ದರಿಂದ ಯಾರಾದರೂ ಹಿಡಿದು ನಿಲ್ಲಲೇಬೇಕಾಗಿತ್ತು.

ಮರುದಿನ ಸಂಜೆ ಮಾಮ ಬೆಳ್ಳುಳ್ಳಿ ಬಿಚ್ಚಿಟ್ಟು ಕಂಬ ಹಿಡಿದರು. ಅತ್ತೆ ಒಳಗೆ ಟೀವಿಯ ಮುಂದೆ. ಮಾಳಿಗೆಗೂ ಪಡಸಾಲೆಗೂ ಮಾತು ನೇರ ಮುಟ್ಟುವುದಿಲ್ಲವಾದ್ದರಿಂದ ನಾನು ನಡುವಿನ ಮೆಟ್ಟಿಲ ಮೇಲೆ. ನಮ್ಮ ಭಾಗದಲ್ಲಿ ಆಂಟೆನಾ ತಿರುಗಿಸುವುದು ಒಂದು ವಿದ್ಯೆ. ಚಿತ್ತಾಪುರದಿಂದ ಚಿಂಚೋಳಿಯವರೆಗೆ ನಡುವಯಸ್ಸು ದಾಟಿದ ಪ್ರತಿ ಗಂಡಸೂ ಅದರಲ್ಲಿ ಪಂಡಿತ. ಕಂಬವನ್ನು ಸಾವಕಾಶ, ನಿಲ್ಲಿಸದೆ ತಿರುಗಿಸುತ್ತ ಹೋಗಬೇಕು. ಕೆಳಗಿನವರು ಕೂಗುತ್ತಿರಬೇಕು. ಹಳೆಯ ಪ್ರಸಾರ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು: ಚುಕ್ಕಿ ಚುಕ್ಕಿಯಾಗಿ ಶುರುವಾಗಿ, ಮಂಕಾಗಿ, ನೆರಳಾಗಿ, ಕೊನೆಗೆ ಮುಖವಾಗಿ ಬರುತ್ತಿತ್ತು. ಡಿಜಿಟಲ್ಲಿಗೆ ಆ ಸೌಜನ್ಯವಿಲ್ಲ. ಬಂದರೆ ಕನ್ನಡಿಯಂತೆ ಪೂರ್ತಿ, ಇಲ್ಲದಿದ್ದರೆ 'ಸಿಗ್ನಲ್ ಇಲ್ಲ' ಎಂಬ ನೀಲಿ ಪರದೆ.

"ಬಂತು!" ಎಂದಳು ಅತ್ತೆ ಒಳಗಿನಿಂದ.

"ಬಂತು!" ಎಂದು ನಾನು ಮೇಲಕ್ಕೆ ದಾಟಿಸಿದೆ.

ಮಾಮ ಕಂಬ ನಿಲ್ಲಿಸಿದರು.

"ಹೋತು!"

"ಹೋತು, ಮಾಮಾ!"

ಹಿಂದಕ್ಕೆ ತಿರುಗಿಸಿದರು. ಮತ್ತೆ ಬಂತು, ಮತ್ತೆ ಹೋಯಿತು. ಇದು ಎಷ್ಟು ಹೊತ್ತು ನಡೆಯಿತೆಂದರೆ ಓಣಿಯ ಜನ ಇದನ್ನೇ ಕಾರ್ಯಕ್ರಮವೆಂದು ಭಾವಿಸಿ ಬಂದು ಪಡಸಾಲೆಯಲ್ಲಿ ಕುಳಿತರು. ಭಾವನವರೂ ಬಂದರು. ಅವರ ಮನೆಯಲ್ಲಿ ಸೊಸೆಯಂದಿರು ಧಾರಾವಾಹಿ ಹಾಕಿಕೊಂಡು ಕುಳಿತು ರಿಮೋಟ್ ಕೊಟ್ಟಿರಲಿಲ್ಲ.

"ಬಂತಂತೀರಿ, ಹೋತಂತೀರಿ, ಒಂದ್ ಮಾತಿನ ಮ್ಯಾಲ ನಿಂದ್ರಿ!" ಮಾಮ ಮೇಲಿನಿಂದ ಗದರಿದರು.

"ನಾವು ನಿಂತೇವಿ ಮಾಮಾ, ನೀವೇ ತಿರಗಾಕತ್ತೀರಿ!"

"ನನಗ ಆಂಟೆನಾ ಕಲಸಾಕ ಬರಬ್ಯಾಡ ವಕೀಲವ್ವ. ನೀ ಹುಟ್ಟೂಕಿಂತ ಮೊದಲ ಇಡೀ ಊರಿಗಿ ಚಿತ್ರ ಹಿಡದ ಕೊಟ್ಟೀನಿ."

"ಆಗಿನ ಚಿತ್ರ ಬ್ಯಾರೆ, ಈಗಿಂದ ಬ್ಯಾರೆ. ನಿಮಗ ಟವರ್ ಯಾವ ದಿಕ್ಕಿಗದ ಅದಾದ್ರೂ ಗೊತ್ತದೇನು?"

ಮಾಮ ಕಂಬಕ್ಕೆ ಮೊಣಕೈ ಊರಿ ನಿಂತು ನನಗೆ ಉತ್ತರ ಕೊಡಲು ಶುರುಮಾಡಿದರು. ಟವರಿನ ಇತಿಹಾಸ, ಅದನ್ನು ನೋಡಲು ಸೈಕಲ್ ಮೇಲೆ ಹೋಗಿದ್ದು, ನನ್ನ ಅಪ್ಪನಿಗೆ ಆಗ ಚಡ್ಡಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲವೆಂಬುದು, ಎಲ್ಲವೂ ಬಂತು. ನಾನೂ ಬಿಡಲಿಲ್ಲ. ಮೂಲ ಪ್ರಶ್ನೆಗೆ ಉತ್ತರಿಸದೆ ವ್ಯಕ್ತಿನಿಂದನೆಗಿಳಿಯುವುದು ದುರ್ಬಲ ಪಕ್ಷದ ಲಕ್ಷಣವೆಂದೆ. ಆಗ ಒಳಗಿನಿಂದ ಅತ್ತೆ ಚೀರಿದಳು:

"ಜಗಳ ನಿಲ್ಲಸಬ್ಯಾಡ್ರಿ! ಚಿತ್ರ ಬಂದು ನಿಂತದ!"

ಆಗ ತಿಳಿಯಿತು. ಈ ಹೊಸ ಸಿಗ್ನಲ್ ಸಿಕ್ಕ ಕೂಡಲೇ ಪರದೆಗೆ ಬರುವುದಿಲ್ಲ. ಡಬ್ಬಿ ಅದನ್ನು ಒಂದೆರಡು ಕ್ಷಣ ಹಿಡಿದು, ಪರೀಕ್ಷಿಸಿ, ಆಮೇಲೆ ತೋರಿಸುತ್ತದೆ. ನಿಲ್ಲಿಸದೆ ತಿರುಗಿಸುವ ಪಂಡಿತರು ಅಷ್ಟರಲ್ಲಿ ಸರಿಯಾದ ಜಾಗ ದಾಟಿ ಮುಂದೆ ಹೋಗಿರುತ್ತಾರೆ. ಕೂಗುವವರು ಕೂಗುವುದು ಬಿಟ್ಟುಹೋದ ಜಾಗದ ಸುದ್ದಿಯನ್ನು. ಚಿತ್ರ ಬೇಕಿದ್ದರೆ ಗಂಡಸು ಕಂಬ ತಿರುಗಿಸುವುದು ಬಿಟ್ಟು ತೆಪ್ಪಗೆ ನಿಲ್ಲಬೇಕಾಗಿತ್ತು. ಅದಕ್ಕೆ ವಾದವಿವಾದ ಬೇಕಾಯಿತು. ನನ್ನ ವಾಕ್ಪಟುತ್ವದಿಂದ ಸಮಾಜಕ್ಕೆ ಇದುವರೆಗೆ ಆಗಿರುವ ಉಪಕಾರ ಇದೊಂದೇ.

"ಹಂಗೇ ನಿಂದ್ರಿ ಮಾಮಾ, ಅಲಗಬ್ಯಾಡ್ರಿ!"

"ಎಷ್ಟೊತ್ತು?"

"ಕಾರ್ಯಕ್ರಮ ಮುಗಿಯೋ ತನ!"

"ಮತ್ತ ನಾ ಬರೋದು ನಾ ಹ್ಯಾಂಗ ನೋಡ್ಲಿ?"

ಇದು ನಿಜವಾಗಿ ಕಠಿಣ ಪ್ರಶ್ನೆ. ಟೀವಿಯಲ್ಲಿ ಬರುವ ಮಾಮನನ್ನು ನೋಡಬೇಕೆಂದರೆ ಮಾಳಿಗೆಯ ಮೇಲಿನ ಮಾಮ ಅಲ್ಲೇ ಇರಬೇಕು. "ನಾ ಹೇಳ್ತೀನಿ ಬಿಡ್ರಿ," ಎಂದು ಮೆಟ್ಟಿಲ ಮೇಲಿನಿಂದ ಪಡಸಾಲೆಗೆ ಬಗ್ಗಿ ನಿಂತೆ.

ಕಾರ್ಯಕ್ರಮ ಶುರುವಾಯಿತು. ಮೊದಲು ಬಂದದ್ದು ಬಾವಿ ಕಟ್ಟೆ.

"ಏನ್ ತೋರಸಾಕತ್ತಾರ?"

"ನಿಮ್ಮನ್ನ, ಮಾಮಾ! ಶಾಲು ಭಾಳ ಛಂದ ಕಾಣಾಕತ್ತದ!"

"ಏನ್ ಹೇಳಾಕತ್ತೀನಿ?"

"ನಿಮ್ಮ ಬಾಯಿ ಅಲಗಾಕತ್ತದ. ಮಾತು ಬ್ಯಾರೆ ಯಾರೋ ಆಡಾಕತ್ತಾರ!"

ಅವರ ಅಷ್ಟುದ್ದದ ಉಪನ್ಯಾಸದ ಮೇಲೆ ನಿರೂಪಕನೊಬ್ಬ ಮಣ್ಣಿನ ಗುಣದ ಬಗ್ಗೆ ವಿವರಿಸುತ್ತಿದ್ದ. ನಂತರ ಪರದೆಯ ತುಂಬ ಅತ್ತೆ. ಪಡಸಾಲೆಯಲ್ಲಿ ಕುಳಿತ ಅತ್ತೆ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಪರದೆಯೊಳಗಿನ ಅತ್ತೆ ಎಳೆದುಕೊಂಡಿರಲಿಲ್ಲ.

"ಒಣಗಿದ ಸಾಲಿನ್ಯಾಗ ಹಸರ ನಿಂತ ಗಿಡಕ್ಕ ಕೆಂಪ ದಾರ ಕಟ್ಟತೀನ್ರಿ. ಅದರ ಬೀಜ ಅಷ್ಟೇ ಇಡತೀನಿ. ಮಂದಿ ನಕ್ಕರು. ನಗಲಿ ಅಂತ ಬಿಟ್ಟೆ," ಎಂದಳು ಟೀವಿಯವಳು.

"ಯಜಮಾನರು ಏನು ಮಾಡುತ್ತಾರೆ?" ಎಂದು ತಂಡದ ಹುಡುಗಿ ಕೇಳಿದಳು.

"ಅವರು ಬಿತ್ತೂ ಕೂರಿಗಿ ಹಿಡೀತಾರ್ರಿ. ಬೀಜ ನಂದು."

ಪಡಸಾಲೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

"ಅಕಿ ಏನಂದ್ಳು? ಮಂದಿ ಯಾಕ ಸುಮ್ಮಾದ್ರು?" ಮೇಲಿನಿಂದ ಮಾಮ.

ಇಂಥ ಸಂದರ್ಭಕ್ಕೆ ಬೇಕಾದ ಮೆದು ವಾಕ್ಯಗಳು ನನ್ನ ಬಳಿ ಬೇಕಾದಷ್ಟಿದ್ದವು. 'ಇಬ್ಬರದೂ ಸಮಾನ ಶ್ರಮವೆಂದು ಹೇಳಿದಳು' ಎನ್ನಬಹುದಿತ್ತು. ಸಮಾರೋಪ ಭಾಷಣಗಳಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಆದರೆ ಮರುಪ್ರಸಾರ ಕೇಂದ್ರವೆಂದರೆ ಬಂದದ್ದನ್ನು ಬಂದಹಾಗೆ ದಾಟಿಸುವುದು, ತಿದ್ದುವುದಲ್ಲ. ದಾಟಿಸಿದೆ:

"ಬೀಜ ನಂದು, ಅವರು ಕೂರಿಗಿ ಹಿಡೀತಾರ ಅಂದ್ಳು!"

ಟೀವಿಯಲ್ಲಿ ಅತ್ತೆಯ ಮುಖ ಚೌಕ ಚೌಕವಾಗಿ ಒಡೆಯಿತು. ಮೂಗು ಒಂದು ಕಡೆ, ಕುಂಕುಮ ಒಂದು ಕಡೆ, ಮಾತು ತೊದಲಿ ನಿಂತಿತು. ಕುಳಿತವರೆಲ್ಲ ಕತ್ತೆತ್ತಿ ಮಾಳಿಗೆಯ ತೊಲೆಗಳನ್ನು ನೋಡಿದರು. ಅತ್ತೆ ಮಾತ್ರ ಪರದೆಯಿಂದ ಕಣ್ಣು ತೆಗೆಯಲಿಲ್ಲ, ಕೂಗಲೂ ಇಲ್ಲ. ಮೇಲೊಬ್ಬ ಗಂಡಸಿನ ಕೈಯಲ್ಲಿ ಕಂಬವಿತ್ತು. ಅದನ್ನು ಬಿಟ್ಟರೆ ಅವಳ ಮಾತು ಅಲ್ಲಿಗೇ ಮುಗಿಯುತ್ತಿತ್ತು, ಯಾರೂ ತಪ್ಪೆನ್ನುತ್ತಿರಲಿಲ್ಲ. ಸಿಗ್ನಲ್ ಹೋಯಿತು ಎನ್ನುತ್ತಿದ್ದರು.

ಚೌಕಗಳು ಒಂದೊಂದಾಗಿ ಕೂಡಿಕೊಂಡವು. ಅತ್ತೆಯ ಮುಖ ಮರಳಿ ಬಂತು.

"ಈಗ ಸರಿ ಅದ?" ಎಂದರು ಮಾಮ.

"ಸರಿ ಅದ."

"ಗಾಳಿ ಬಿಟ್ಟಿತ್ತು."

ಬೇಸಿಗೆಯ ಆ ಸಂಜೆ ಬೇವಿನ ಮರದ ಒಂದೆಲೆಯೂ ಅಲುಗಿರಲಿಲ್ಲ. ಹೇಳಿದ್ದಕ್ಕೆಲ್ಲ ಸಾಕ್ಷ್ಯ ಕೇಳುವುದು ನನ್ನ ಚಾಳಿ. ಈ ಸಲ ಕೇಳಲಿಲ್ಲ. ಗಾಳಿ ಬಿಟ್ಟಿತ್ತು ಎಂದೇ ದಾಖಲಾಗಲಿ.

ಟೀವಿಯೊಳಗೆ ಅತ್ತೆ ಗಡಿಗೆ ತೆರೆದು ಬೀಜ ತೋರಿಸಿದಳು, ಬೂದಿ ಹೇಗೆ ಬೆರೆಸಬೇಕೆಂದಳು. ಬಳಿಕ ಕುರಿಗಳ ಲಸಿಕೆಯ ಸರದಿ ಬಂತು. ಮಾಮ ತಮ್ಮ ಮಾತು ಮುಂದೆಲ್ಲಾದರೂ ಬರಬಹುದೆಂದು ಲಸಿಕೆ ಮುಗಿಯುವವರೆಗೂ ಕಂಬ ಹಿಡಿದು ನಿಂತರು. ಬರಲಿಲ್ಲ. ಇಳಿದು ಬಂದು ತೋಳು ತಿಕ್ಕಿಕೊಳ್ಳುತ್ತ ಹೊಸ್ತಿಲ ಮೇಲೆ ಕುಳಿತರು. ಅತ್ತೆ ತಂಬಿಗೆಯಲ್ಲಿ ನೀರು ಕೊಟ್ಟಳು.

ಜನ ಏಳತೊಡಗಿದರು. ಭಾವನವರು ಮಾತ್ರ ಏಳಲಿಲ್ಲ. ನಮ್ಮ ಮನೆತನಗಳಲ್ಲಿ ತಮ್ಮನ ಹೆಂಡತಿಯೊಡನೆ ಭಾವ ನೇರವಾಗಿ ಮಾತಾಡುವುದಿಲ್ಲ. ಎದುರೇ ಕುಳಿತಿದ್ದರೂ ನಡುವೆ ಇನ್ನೊಬ್ಬರ ಕಿವಿ ಬೇಕು. ಅವರು ಗೋಡೆ ನೋಡುತ್ತ ನನಗೆ ಹೇಳಿದರು:

"ಕೇಳಬೇ ನಿಮ್ಮತ್ತಿಗಿ. ಈ ಸಲ ಮಿರಗ ಮಳಿಗಿ ಬಿತ್ತಾಕ ನಮ್ಮ ಹೊಲಕ್ಕೂ ಆ ಬೀಜ ಕೊಡ್ತಾಳೇನಂತ."

ಮಾಮ ನೀರು ಕುಡಿಯುವುದನ್ನು ನಿಲ್ಲಿಸಿದರು. ಊರಿನಲ್ಲಿ ಬೀಜ ಬೇಕಾದವರು ಅಲ್ಲಿಯವರೆಗೆ ಕೇಳುತ್ತಿದ್ದುದು ಅವರನ್ನು.

ನಾನು ಮಾತು ದಾಟಿಸಲು ಅತ್ತೆಯತ್ತ ತಿರುಗಿದೆ. ಬೇಕಾಗಲಿಲ್ಲ. ಅವಳು ಮಾಮನ ಕೈಯಿಂದ ತಂಬಿಗೆ ತೆಗೆದು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಗೋಡೆಗಲ್ಲ, ಭಾವನವರಿಗೇ ಹೇಳಿದಳು:

"ಕೊಡ್ತೀನ್ರಿ. ಆದ್ರ ಬಿತ್ತೋದು ನಾ ಹೇಳಿದ ದಿನ."