ಅಪ್ಪೆ ಅಂದ್ರೆ ಮಾವಿನಕಾಯಿ ಅಲ್ಲ

ಚಳಿ ಇನ್ನೂ ಪೂರ್ತಿ ಬಿಟ್ಟಿಲ್ಲ. ಗೇರುಮರಗಳು ಹೂ ಹೊತ್ತಿವೆ, ತಾನಾಗಿ ಬೆಳೆದ ಕಾಟು ಮಾವಿನ ಮರಗಳಲ್ಲಿ ಕಡಲೆ ಗಾತ್ರದ ಮಿಡಿ ಕಚ್ಚಿದೆ. ಪಂಜದಿಂದ ಹೊರಟ ಮೊದಲ ಬಸ್ಸು ಕಡಬ ಪೇಟೆಗೆ ಬಂದು ನಿಲ್ಲುವಾಗ ಅಂಗಡಿಗಳ ಶಟರ್ ಇನ್ನೂ ಇಳಿದೇ ಇದೆ. ನೌಷಾದ್ ಅವರ ಚಹಾದಂಗಡಿಯ ಒಲೆ ಮಾತ್ರ ಹೊತ್ತಿದೆ. ಬಸ್ಸಿನಿಂದ ಇಳಿದ ಭವಿತಾ ಅದರ ಪಕ್ಕದ ಒಂದೇ ಕೋಣೆಯ ಅಂಗಡಿಯ ಬೀಗ ತೆಗೆಯುತ್ತಾರೆ, ನೆಲ ಗುಡಿಸುತ್ತಾರೆ, ಕಂಪ್ಯೂಟರಿಗೆ ಹೊದಿಸಿದ್ದ ಬಟ್ಟೆಯನ್ನು ಮಡಚಿಡುತ್ತಾರೆ. ಹೊರಗಿನ ಬೋರ್ಡಿನಲ್ಲಿ ‘ಝೆರಾಕ್ಸ್, ಆರ್‌ಟಿಸಿ, ಪಾನ್ ಕಾರ್ಡ್’ ಎಂದಿದೆ. ಇವರು ಇಷ್ಟು ಬೇಗ ಬರುವುದು ಆ ಬೋರ್ಡಿನಲ್ಲಿ ಬರೆಯದ ಒಂದು ಕೆಲಸಕ್ಕೆ.

ಊರಿನ ಮನೆಗಳಲ್ಲಿ ಉಪ್ಪಿನಕಾಯಿ, ಹಪ್ಪಳ, ಜೇನು, ಪುನರ್ಪುಳಿ ಶರಬತ್ತು ಮಾಡಿ ಮಾರುವವರಿಗೆ ತಮ್ಮ ಹೆಸರನ್ನು ತಮ್ಮದಾಗಿಯೇ ಉಳಿಸಿಕೊಳ್ಳಬೇಕು. ಅದಕ್ಕೆ ಸರಕಾರದ ಟ್ರೇಡ್ ಮಾರ್ಕ್ ಕಚೇರಿಯಲ್ಲಿ ಹೆಸರು ನೋಂದಣಿಯಾಗಬೇಕು. ಕಚೇರಿ ಇರುವುದು ದೂರದ ನಗರದಲ್ಲಿ. ಆದರೆ ಅರ್ಜಿ, ಆಕ್ಷೇಪ, ಉತ್ತರ, ವಿಚಾರಣೆ, ಕೊನೆಗೆ ಸರ್ಟಿಫಿಕೇಟ್ ಕೂಡ ಈಗ ಪರದೆಯ ಮೇಲೆಯೇ ಬರುತ್ತವೆ. ಆ ಪರದೆಯ ಮುಂದೆ ಜನರನ್ನು ಕೂರಿಸಿ, ಅವರ ಪರವಾಗಿ ಕೀಲಿ ಒತ್ತುವವರು ಭವಿತಾ.

"ನಾನು ವಕೀಲೆ ಅಲ್ಲ. ಅರ್ಜಿ ಹಾಕುದು ಅವರೇ, ಒಟಿಪಿ ಬರುದು ಅವರ ಫೋನಿಗೇ. ನನ್ನದು ಟೈಪ್ ಮಾಡುದು ಮಾತ್ರ" ಎನ್ನುತ್ತಾರೆ. ಬೆಳಿಗ್ಗೆ ನೆಟ್ ಹಗುರ, ಕರೆಂಟ್ ಹೋಗುವ ಹೆದರಿಕೆಯೂ ಕಡಿಮೆ. ಹಾಗಾಗಿ ಮೊದಲ ಬಸ್ಸು.

ಇವತ್ತು ಮೊದಲು ಬಂದವರು ನೆಲ್ಯಾಡಿ ಕಡೆಯ ಜಿಂಸಿ. ಇವರೂ ಇವರ ಅತ್ತೆ ಅನ್ನಕುಟ್ಟಿಯವರೂ ಸೇರಿ ಹಲಸಿನ ಚಿಪ್ಸ್ ಕರಿಯುತ್ತಾರೆ. ಹೆಸರು ಯೋಚಿಸಿಕೊಂಡೇ ಬಂದಿದ್ದಾರೆ: ‘ಅಮ್ಮಚ್ಚಿ’, ಅವರ ಮಾತಿನಲ್ಲಿ ತಾಯಿ.

ಭವಿತಾ ತಕ್ಷಣ ಟೈಪ್ ಮಾಡುವುದಿಲ್ಲ. ಇವರ ಕೆಲಸದ ಕ್ರಮವೇ ಬೇರೆ. "ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ" ಎನ್ನುತ್ತಾರೆ. ಜಿಂಸಿ ಮಲಯಾಳದ ಎಳೆತದಲ್ಲಿ ಹೇಳುತ್ತಾರೆ. ಗೋಡೆಯಾಚೆಯ ನೌಷಾದ್ ಅವರನ್ನು ಕೂಗಿ ಅವರ ಬಾಯಿಂದಲೂ ಹೇಳಿಸುತ್ತಾರೆ. ಅವರದು ಬ್ಯಾರಿ ಭಾಷೆಯ ನಾಲಿಗೆ. ಮೂರನೆಯದು ಭವಿತಾ ಅವರ ಸ್ವಂತ ಅರೆಭಾಷೆಯ ನಾಲಿಗೆ. ಮೂವರು ಹೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ ಬರುತ್ತದೆ. ಮೂರನ್ನೂ ಹಾಕಿ ಕಚೇರಿಯ ಹುಡುಕಾಟದ ಪುಟದಲ್ಲಿ ನೋಡುತ್ತಾರೆ.

"ಮೊದಲೆಲ್ಲ ಅಕ್ಷರಕ್ಕೆ ಅಕ್ಷರ ಕೂಡಿದ್ರೆ ಮಾತ್ರ ಸರಿಯಾಗಿ ಸಿಗುದು. ಈಗ ಎಐ ಹಾಕಿದ್ದಾರೆ. ಅದು ಹೆಸರಿನ ಶಬ್ದವನ್ನೂ ತೂಗಿ ನೋಡ್ತದೆ. ಚಿತ್ರ ಕೊಟ್ರೆ ಅದಕ್ಕೆ ಹೋಲುವ ಚಿತ್ರ ಹುಡುಕ್ತದೆ. ಹೋಲುದು ಉಂಟಾ ಅಂತ ತೋರಿಸ್ತದೆ, ಕೊಡ್ಬೇಕಾ ಬೇಡ್ವಾ ಅಂತ ಹೇಳುದು ಆಫೀಸರ್ರೇ."

ಪರದೆಯ ಮೇಲೆ ಅಮ್ಮಚ್ಚಿಯನ್ನು ಹೋಲುವ ಹೆಸರುಗಳು ಒಂದರ ಕೆಳಗೊಂದು ಇಳಿಯುತ್ತಲೇ ಇವೆ.

"ಇಷ್ಟು ಜನ ಅಮ್ಮಚ್ಚಿಯರಾ?" ಎಂದು ಜಿಂಸಿ ಬಾಯಿಗೆ ಕೈ ಇಟ್ಟುಕೊಳ್ಳುತ್ತಾರೆ.

ಚಹಾ ತಂದಿಟ್ಟ ನೌಷಾದ್ ನಗುತ್ತಾರೆ. "ಎಲ್ಲರಿಗೂ ತಾಯಿ ಹೆಸರೇ ಬೇಕು ಮಾರಾಯ್ರೆ. ಅಪ್ಪ ಅಂತ ಒಬ್ಬ ಇದ್ದಾನೆ ಅಂತ ಉಪ್ಪಿನಕಾಯಿಯವರಿಗೂ ಗೊತ್ತಿಲ್ಲ, ಚಿಪ್ಸಿನವರಿಗೂ ಗೊತ್ತಿಲ್ಲ."

"ಅಪ್ಪನ ಕೈರುಚಿ ಅಂತ ಬರೆದ್ರೆ ನೀವು ತೆಗೊಳ್ತೀರಾ ನೌಷಾದಣ್ಣ?" ಎಂದು ಭವಿತಾ ತಿರುಗಿ ಕೇಳುತ್ತಾರೆ. ಅವರು ನಗುತ್ತಲೇ ತಮ್ಮ ಒಲೆಯ ಕಡೆಗೆ ಹೊರಡುತ್ತಾರೆ.

ಭವಿತಾ ಪಂಜದ ಹತ್ತಿರದವರು. ತಂದೆ ಬೇರೆಯವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದರು. ಸುಳ್ಯದಲ್ಲಿ ಬಿಕಾಂ ಮುಗಿಸಿದ ಮಗಳು ಪುತ್ತೂರಿನ ಒಂದು ಲೆಕ್ಕಪತ್ರದ ಕಚೇರಿಯಲ್ಲಿ ಕೆಲವು ವರ್ಷ ಬೆರಳು ಸವೆಸಿದರು. ಮದುವೆಯಾಗಿ ಮಗಳು ಹುಟ್ಟಿದ ಮೇಲೆ ದಿನಾ ಪುತ್ತೂರಿಗೆ ಹೋಗಿ ಬರುವುದು ಆಗಲಿಲ್ಲ. ಪಿಕಪ್ ಓಡಿಸುವ ಗಂಡ ಲತೀಶ್, ಯಾರೋ ಮಾರುತ್ತಿದ್ದ ಹಳೆ ಝೆರಾಕ್ಸ್ ಮೆಷಿನ್ ತಂದು ಇಳಿಸಿದರು. ಮೊದಲ ಮಳೆಗಾಲದಲ್ಲೇ ಆ ಮೆಷಿನ್ನಿಗೆ ಇರುವೆ ಗೂಡು ಕಟ್ಟಿತು. "ಕಾಗದ ಹಾಕಿದ್ರೆ ಅಕ್ಷರದ ಜೊತೆ ಇರುವೆಯೂ ಬರುದು" ಎಂದು ಈಗ ನಗುತ್ತಾರೆ.

ಹೆಸರು ಹಿಡಿಯುವ ಕೆಲಸವನ್ನು ಯಾರೂ ಕಲಿಸಲಿಲ್ಲ. ಕಚೇರಿಯ ವೆಬ್‌ಸೈಟಿನಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಯಂತ್ರಸಹಾಯಕ ಒಂದಿದೆ. ತಮ್ಮ ಹರಕು ಇಂಗ್ಲಿಷಿನಲ್ಲಿ ಅದನ್ನೇ ಕೇಳಿ ಕೇಳಿ ಕಲಿತರು. "ಒಂದೇ ಪ್ರಶ್ನೆ ಹತ್ತು ಸಲ ಕೇಳಿದ್ರೂ ಅದು ಮುಖ ಗಂಟು ಹಾಕುದಿಲ್ಲ. ಮನುಷ್ಯರಾದ್ರೆ ಮೂರನೇ ಸಲಕ್ಕೇ ಊಟಕ್ಕೆ ಹೋಗ್ತಾರೆ." ಈಗ ತಿಂಗಳಿಗೆ ನಾಲ್ಕೈದು ಹೆಸರುಗಳು ಇವರ ಮೇಜಿನಿಂದ ಹೋಗುತ್ತವೆ. ಉಳಿದ ಹೊತ್ತೆಲ್ಲ ಆರ್‌ಟಿಸಿ, ಬಸ್ ಪಾಸು, ಮಕ್ಕಳ ಸ್ಕಾಲರ್‌ಶಿಪ್.

ಇವರ ಮೇಜಿನ ಮೇಲೆ, ಕಂಪ್ಯೂಟರಿನ ಬಲಕ್ಕೆ, ಒಂದು ಉಪ್ಪಿನಕಾಯಿ ಬಾಟಲಿ ಇದೆ. ತಿನ್ನಲು ಇಟ್ಟದ್ದಲ್ಲ. ಲೇಬಲ್ಲಿನಲ್ಲಿ ಕೆಂಪಕ್ಷರದಲ್ಲಿ ‘ಅಪ್ಪೆ’ ಎಂದಿದೆ. ಭವಿತಾ ತಮ್ಮ ಕೆಲಸದ ಬಗ್ಗೆ ಮಾತು ಶುರು ಮಾಡುವುದೇ ಆ ಬಾಟಲಿಯಿಂದ.

ಬಾಟಲಿಯ ಒಡತಿ ರಾಮಕುಂಜದ ಹರಿಣಾಕ್ಷಿ. ಊರಿನ ಏಳೆಂಟು ಹೆಂಗಸರನ್ನು ಕೂಡಿಕೊಂಡು ಕಾಟು ಮಾವಿನ ಉಪ್ಪಿನಕಾಯಿ ಹಾಕುತ್ತಾರೆ. ರುಚಿ ಅವರ ತಾಯಿಯದು. ತುಳುವಿನಲ್ಲಿ ತಾಯಿಗೆ ಅಪ್ಪೆ ಎನ್ನುತ್ತಾರೆ, ಅದನ್ನೇ ಹೆಸರಾಗಿ ಇಟ್ಟರು. ಪುತ್ತೂರು ಸಂತೆಯಲ್ಲಿ ಆ ಹೆಸರು ಓಡತೊಡಗಿದ ಮೇಲೆ, ಬೇರೆ ಊರಿನ ಒಬ್ಬ ವ್ಯಾಪಾರಿ ತನ್ನ ಬಾಟಲಿಗೂ ಅದೇ ಹೆಸರು ಅಂಟಿಸಿ ಮಾರಲು ಹೊರಟ. ಕೇಳಿದರೆ, "ಹೆಸರು ನಿಮ್ಮದು ಅಂತ ಎಲ್ಲಿ ಬರೆದುಂಟು?" ಎಂದ. ಎಲ್ಲಿಯೂ ಬರೆದಿರಲಿಲ್ಲ. ಹರಿಣಾಕ್ಷಿ ಬಾಟಲಿ ಹಿಡಿದುಕೊಂಡು ಭವಿತಾ ಅವರ ಅಂಗಡಿಗೆ ಬಂದರು.

"ನಾನು ಹುಡುಕಿದೆ. ಇಂಗ್ಲಿಷಿನಲ್ಲಿ ಅಪ್ಪೆ ಅಂತ ಹಾಕಿದ್ರೆ ಎಐ ಬರೀ ಆಪಲ್ ಅಂತ ಸೇಬು ಹಣ್ಣಿನ ಹೆಸರಿನವನ್ನೇ ರಾಶಿ ಹಾಕ್ತದೆ! ನನಗೆ ಅದರದ್ದೇ ಚಿಂತೆ. ಒಂದೊಂದನ್ನೂ ಬಿಡಿಸಿ ನೋಡಿ, ಇದು ಉಪ್ಪಿನಕಾಯಿ ಅಲ್ಲ, ಇದೂ ಅಲ್ಲ ಅಂತ ಗಟ್ಟಿ ಮಾಡಿಕೊಂಡೆ. ಸೇಬಿಗೆ ಹೆದರಿ ಕೂತಿದ್ದೆ, ಬಂದದ್ದು ಮಾವು."

ಅರ್ಜಿಯಲ್ಲಿ, ಇಂಗ್ಲಿಷ್ ಅಲ್ಲದ ಹೆಸರಾದರೆ ಅದು ಯಾವ ಭಾಷೆಯದು, ಅರ್ಥ ಏನು ಎಂದು ತಿಳಿಸಬೇಕು. ಅರ್ಥ: ತಾಯಿ. ಭಾಷೆ ಎಂದು ಕೇಳಿದ ಜಾಗದಲ್ಲಿ ಭವಿತಾ ಅವರ ಬೆರಳು ತಾನಾಗಿಯೇ ‘ಕನ್ನಡ’ ಎಂದು ಒತ್ತಿತು.

ಹೊರಗಿನವರಿಗೆ ಇದು ವಿಚಿತ್ರ ಎನಿಸಬಹುದು. ಕಡಬ, ಸುಳ್ಯ, ಪುತ್ತೂರು ಈ ಮೂರು ತಾಲೂಕುಗಳಲ್ಲಿ ಅಲ್ಲ. ಇಲ್ಲಿ ಮನೆಯೊಳಗೆ ತುಳು, ಅರೆಭಾಷೆ, ಬ್ಯಾರಿ, ಮಲಯಾಳ ಎಲ್ಲ ಇದೆ. ಕಾಗದದ ಮೇಲೆ ಮಾತ್ರ ಎಲ್ಲರದೂ ಕನ್ನಡ. ಶಾಲೆಗೆ ಸೇರಿಸುವಾಗ ಮಾಸ್ತರರು ಕನ್ನಡ ಎಂದು ಬರೆದುಕೊಂಡರು, ಅಲ್ಲಿಂದ ಮುಂದೆ ಪ್ರತಿ ಅರ್ಜಿಯಲ್ಲೂ ಅದೇ. ಭವಿತಾ ಒಮ್ಮೆ ಅನುಮಾನಿಸಿ "ತುಳು ಅಂತ ಹಾಕುದಾ?" ಎಂದು ಕೇಳಿದ್ದೂ ಹೌದು. ಹರಿಣಾಕ್ಷಿಯೇ ತಡೆದರು: "ಬೇಡ ಮಾರಾಯ್ತಿ. ಅಷ್ಟು ದೊಡ್ಡ ಆಫೀಸಿನವರಿಗೆ ನಮ್ಮ ತುಳು ಎಲ್ಲಿ ಗೊತ್ತುಂಟು? ಕನ್ನಡ ಅಂತಲೇ ಹಾಕು."

ಕೆಲವು ತಿಂಗಳ ಮೇಲೆ ಕಚೇರಿಯಿಂದ ಆಕ್ಷೇಪ ಬಂತು. ಕನ್ನಡದಲ್ಲಿ ಅಪ್ಪೆ ಎಂದರೆ ತಾಯಿ ಅಲ್ಲ, ಉಪ್ಪಿನಕಾಯಿಗೆ ಹಾಕುವ ಒಂದು ಬಗೆಯ ಮಾವಿನ ಮಿಡಿ. ಮಾವಿನ ಉಪ್ಪಿನಕಾಯಿಗೆ ಮಾವಿನ ಹೆಸರನ್ನೇ ಒಬ್ಬರಿಗೆ ಬಿಟ್ಟುಕೊಡಲು ಆಗದು, ಅದು ಎಲ್ಲ ಮಾರಾಟಗಾರರಿಗೂ ಬೇಕಾದ ಪದ. ತಿಂಗಳೊಳಗೆ ಉತ್ತರ ಕೊಡಿ.

"ಎರಡೆರಡು ಸಲ ಓದಿದೆ. ಅವರು ಹೇಳಿದ್ದು ಸರಿಯೇ. ಘಟ್ಟದ ಮೇಲಿನವರಿಗೆ ಅಪ್ಪೆಮಿಡಿ ಅಂದ್ರೆ ಪ್ರಾಣ. ನಾನು ಹೆಸರನ್ನು ಮೂರು ಬಾಯಲ್ಲಿ ಹೇಳಿಸಿದ್ದೆ, ಆದ್ರೆ ಮೂರೂ ಕಡಬದ ಬಾಯಿ. ಅಪ್ಪೆ ಅಂದ್ರೆ ತಾಯಿ ಅಂತ ಗೊತ್ತಿಲ್ಲದವರು ಇಲ್ಲಿ ಒಬ್ಬರಾದ್ರೂ ಬೇಕಲ್ಲ!"

ಅವತ್ತೇ ರಾಮಕುಂಜಕ್ಕೆ ಹೋಗಿ ಹರಿಣಾಕ್ಷಿಯವರ ಅಂಗಳದಲ್ಲಿ ನಿಂತು ಆದದ್ದನ್ನು ಹೇಳಿದರು. ಹೆಸರು ಹೋದರೆ ಆ ವ್ಯಾಪಾರಿಗೆ ದಾರಿ ಸಲೀಸು. ಹರಿಣಾಕ್ಷಿ ಬೈಯಲಿಲ್ಲ. ಉಪ್ಪಿಗೆ ಹಾಕಿದ ಮಾವನ್ನು ಮಗುಚುತ್ತಾ ಒಂದೇ ಮಾತು ಕೇಳಿದರು: "ಹಾಗಾದ್ರೆ ನನ್ನ ಅಪ್ಪೆ ಮಾವಿನಕಾಯಿ ಆದ್ರಾ?"

ಭಾಷೆ ತಿದ್ದಲು ಭವಿತಾ ಅರ್ಜಿ ಹಾಕಿಸಿದರು. ತುಳು ನಿಘಂಟಿನ ಪುಟವನ್ನು ಸ್ಕ್ಯಾನ್ ಮಾಡಿ ಉತ್ತರದ ಜೊತೆ ಏರಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ವಿಚಾರಣೆಗೆ ದಿನ ಗೊತ್ತಾಯಿತು, ಅದೂ ವಿಡಿಯೋದಲ್ಲಿ.

ಅವತ್ತು ಹರಿಣಾಕ್ಷಿ ಮದುವೆಗೆ ಹೊರಟವರ ಹಾಗೆ ಸೀರೆ ಉಟ್ಟು ಬಂದಿದ್ದರು. ಪರದೆಯಲ್ಲಿ ಅಧಿಕಾರಿ ಕಾಣಿಸಿದರು, ಕನ್ನಡ ಬಾರದವರು, ಮಾತು ಮೆತ್ತಗೆ. ಅವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಭವಿತಾ ತಿಳಿಸಿ ಹೇಳಬೇಕು, ಉತ್ತರವನ್ನು ದಾಟಿಸಬೇಕು. ನಿಮ್ಮ ಉಪ್ಪಿನಕಾಯಿಗೆ ಹಾಕುವುದು ಅಪ್ಪೆಮಿಡಿಯಾ? ಅಲ್ಲ, ನಮ್ಮದು ಕಾಟು ಮಾವು. ಮೊದಲು ಕನ್ನಡ ಎಂದಿರಿ, ಆಕ್ಷೇಪ ಬಂದ ಮೇಲೆ ತುಳು ಎನ್ನುತ್ತೀರಿ. ಇದನ್ನು ಹೇಗೆ ನಂಬುವುದು?

ಕೇಳಬೇಕಾದ ಪ್ರಶ್ನೆಯೇ. ಭವಿತಾ ಇಂಗ್ಲಿಷಿನಲ್ಲಿ ಶಬ್ದ ಹುಡುಕುತ್ತಿದ್ದಾಗ ಕರೆಂಟ್ ಹೋಯಿತು. ಫ್ಯಾನ್ ನಿಂತಿತು, ದೀಪ ಆರಿತು, ಮೇಜಿನ ಕೆಳಗಿನ ಯುಪಿಎಸ್ ಒಮ್ಮೆಲೇ ಕಿರುಚಿಕೊಂಡಿತು. ಎಲ್ಲ ಮುಗಿಯಿತು ಎಂದುಕೊಂಡ ಹರಿಣಾಕ್ಷಿ ಎದೆಗೆ ಕೈ ಹಾಕಿ ಕೂಗಿಬಿಟ್ಟರು: "ಎನ್ನ ಅಪ್ಪೇ!"

ಪರದೆ ಆರಿರಲಿಲ್ಲ. ಅಧಿಕಾರಿ ಮುಂದಕ್ಕೆ ಬಾಗಿದರು. ಈಗ ಅವರು ಏನೆಂದರು?

"ನನಗೆ ಹೆದರಿಕೆ, ನಗು ಎರಡೂ ಒಟ್ಟಿಗೆ ಬಂತು. ಅವರು ತಾಯಿಯನ್ನು ಕರೆದದ್ದು ಸರ್, ಅವರ ಭಾಷೆಯಲ್ಲಿ ಹಾಗೆಯೇ ಕರೆಯುದು ಅಂದೆ. ಆಫೀಸರ್ ನಕ್ಕು, ಕರೆಂಟ್ ಹೋದಾಗ ಯಾರೂ ಮಾವಿನಕಾಯಿಯನ್ನು ಕರೆಯುದಿಲ್ಲ ಅಂದ್ರು."

ನಿಘಂಟಿನ ಪುಟವನ್ನು ಅಧಿಕಾರಿ ಮತ್ತೊಮ್ಮೆ ತೆರೆದು ನೋಡಿದರು. ತಿದ್ದುಪಡಿಯನ್ನು ಒಪ್ಪಿದರು. ಹೆಸರು ಕಚೇರಿಯ ಜರ್ನಲಿನಲ್ಲಿ ಪ್ರಕಟವಾಯಿತು, ಗಡುವಿನೊಳಗೆ ಯಾರೂ ತಕರಾರು ಎತ್ತಲಿಲ್ಲ. ಕಳೆದ ತಿಂಗಳು ಸರ್ಟಿಫಿಕೇಟ್ ಇಮೇಲಿಗೆ ಬಂತು. ಭವಿತಾ ಅದನ್ನು ಅಂಗಡಿಯಲ್ಲಿದ್ದ ದಪ್ಪ ಕಾಗದದಲ್ಲಿ ಬಣ್ಣದಲ್ಲೇ ತೆಗೆದುಕೊಟ್ಟರು. ಆ ವ್ಯಾಪಾರಿಯ ಬಾಟಲಿಗೆ ಈಗ ಬೇರೆ ಹೆಸರು. ಹೆಸರು ಎಲ್ಲಿ ಬರೆದಿದೆ ಎಂದು ಕೇಳಿದವನಿಗೆ ಹರಿಣಾಕ್ಷಿ ಸಂತೆಯಲ್ಲೇ ಕಾಗದ ಬಿಡಿಸಿ ತೋರಿಸಿದರಂತೆ. "ಕನ್ನಡಕ ಹಾಕಿ ಓದು, ಇಲ್ಲದಿದ್ರೆ ನಾನೇ ಓದಿ ಹೇಳ್ತೇನೆ ಅಂದೆ" ಎನ್ನುವಾಗ ಅವರ ಕುತ್ತಿಗೆ ನೆಟ್ಟಗಾಗುತ್ತದೆ.

ಅಂದಿನಿಂದ ಭವಿತಾ ಅವರ ಕ್ರಮಕ್ಕೆ ಒಂದು ಹೊಸ ಬಾಯಿ ಸೇರಿದೆ. ಸುಳ್ಯದ ಹಾಸ್ಟೆಲಿನ ಗೆಳತಿಯೊಬ್ಬರು ಈಗ ದಾವಣಗೆರೆಯಲ್ಲಿದ್ದಾರೆ. ಪ್ರತಿ ಹೆಸರೂ ಮೊದಲು ಅವರಿಗೆ ಹೋಗುತ್ತದೆ: ನಿಮ್ಮಲ್ಲಿ ಇದಕ್ಕೆ ಎಂತ ಅರ್ಥ? ಈ ವರ್ಷ ಮಗಳು ಮೋಕ್ಷಿತಾಳನ್ನು ಶಾಲೆಗೆ ಸೇರಿಸುವಾಗ ಮಾತೃಭಾಷೆಯ ಸಾಲಿನಲ್ಲಿ ಭವಿತಾ ಮೊದಲ ಬಾರಿಗೆ ‘ಅರೆಭಾಷೆ’ ಎಂದು ಬರೆದಿದ್ದಾರೆ. "ಇದು ಬೇಕಾ ಅಂತ ಶಾಲೆಯವರು ಕೇಳಿದ್ರು. ಬೇಕು, ಮತ್ತೆ ತಿದ್ದಲಿಕ್ಕೆ ಹೋದ್ರೆ ಭಾರೀ ಕಷ್ಟ ಉಂಟು ಅಂದೆ."

ಅಷ್ಟರಲ್ಲಿ ಜಿಂಸಿ ಹೊಸ ಹೆಸರು ಹುಡುಕಿದ್ದಾರೆ. ಅತ್ತೆಯ ಹೆಸರನ್ನೇ ಇಡುವುದು: ‘ಅನ್ನಕುಟ್ಟಿ’. ಅದಕ್ಕೆ ಹೋಲುವಂಥದ್ದು ಪರದೆಯಲ್ಲಿ ಕಾಣುವುದಿಲ್ಲ. "ಇನ್ನು ಅತ್ತೆಯನ್ನು ಹಿಡಿಯಲಿಕ್ಕೆ ಆಗ್ಲಿಕ್ಕಿಲ್ಲ" ಎಂದು ಜಿಂಸಿ ನಿಟ್ಟುಸಿರು ಬಿಡುತ್ತಾರೆ. ಭಾಷೆಯ ಜಾಗ ಬಂದಾಗ ಅವರೂ ಅದನ್ನೇ ಹೇಳುತ್ತಾರೆ: "ಕನ್ನಡ ಅಂತ ಹಾಕಿ ಅಕ್ಕ. ಎಲ್ಲ ಕಡೆ ಹಾಗೆಯೇ ಹಾಕಿದ್ದು."

ಭವಿತಾ ಅವರ ಬೆರಳು ನಿಲ್ಲುತ್ತದೆ. "ಮನೆಯಲ್ಲಿ ಅತ್ತೆಯನ್ನು ಯಾವ ಭಾಷೆಯಲ್ಲಿ ಕರೆಯುದು?"

"ಮಲಯಾಳದಲ್ಲಿ."

"ಮತ್ತೆಂತ?" ಎಂದು ಮಲಯಾಳ ಎಂದೇ ಒತ್ತುತ್ತಾರೆ.

ಬಿಸಿಲು ಶಟರಿನ ಒಳಗೆ ಬರುವ ಹೊತ್ತಿಗೆ ಹರಿಣಾಕ್ಷಿಯೂ ಬರುತ್ತಾರೆ. ಕೈಯಲ್ಲಿ ಮಡಚಿದ ನೋಟುಗಳು. ‘ಅಪ್ಪೆ’ಯ ಅರ್ಜಿ ಕೆಲಸದ ಚಾರ್ಜು, ಭವಿತಾ ಇವತ್ತಿನವರೆಗೂ ಮುಟ್ಟಿಲ್ಲ.

"ತೆಗೊ ಮಾರಾಯ್ತಿ. ಕನ್ನಡ ಅಂತ ಹಾಕು ಅಂದದ್ದು ನಾನು."

"ಹಾಕಿದ್ದು ನಾನಲ್ವಾ ಅಕ್ಕ?" ಎಂದು ಭವಿತಾ ನೋಟುಗಳನ್ನು ಹರಿಣಾಕ್ಷಿಯ ಪರ್ಸಿಗೇ ಮರಳಿ ತುರುಕುತ್ತಾರೆ. ಜಿಂಸಿಯ ಅರ್ಜಿಯ ಕಡೆಗೆ ತಿರುಗಿ, ಪರದೆಯಿಂದ ಕಣ್ಣು ತೆಗೆಯದೆಯೇ ಹೇಳುತ್ತಾರೆ: "ಇದು ಬಾಕಿಯೇ ಇರ್ಲಿ. ತೀರಿದ್ರೆ ಆ ತಪ್ಪನ್ನು ನಾನು ಮರೆತುಬಿಡ್ತೇನೆ."